ಹಳದಿ ಪೆಟ್ಟಿಗೆಯ ಕಾವಲು

ರೋಲರ್ ಸದ್ದು ಒಮ್ಮೆಲೇ ನಿಂತಿತು. ಫೋನ್ ಕಿವಿಗಿಟ್ಟುಕೊಂಡೇ ತಿರುಗಿ ನೋಡಿದೆ. ಬಯಲುಸೀಮೆಯಲ್ಲಿ ಹೆದ್ದಾರಿ ಅಗಲ ಮಾಡುವ ಕೆಲಸ. ಬೆಳಗಿನ ಹತ್ತು ಗಂಟೆಗೇ ಕೆಮ್ಮಣ್ಣಿನಿಂದ ಝಳ ಏಳುತ್ತಿತ್ತು. ರೋಲರ್‌ನ ಉಕ್ಕಿನ ಡ್ರಮ್ಮಿಗೂ ನಾನು ನೆಲದ ಮೇಲಿಟ್ಟು ಬಂದಿದ್ದ ಹಳದಿ ಉಪಕರಣಕ್ಕೂ ನಡುವೆ ಹೆಚ್ಚೆಂದರೆ ಎರಡು ಮಾರು ಜಾಗ ಉಳಿದಿತ್ತು. ಆಪರೇಟರ್ ಸೀಟಿನಿಂದಲೇ ಕೂಗಿದ: "ಸಾರ್, ಈ ಹಳದಿ ಡಬ್ಬ ನಿಮ್ದಾ? ದಾರೀಲಿ ಬಿಟ್ಟು ಎಲ್ಲೋಗ್ಬಿಟ್ರಿ? ಧೂಳಲ್ಲಿ ಕಾಣ್ಲೇ ಇಲ್ಲ ನಂಗೆ. ಹತ್ತಿಸ್ಬಿಡ್ತಿದ್ದೆ."

ನಾನು ನಲವತ್ತು ಹೆಜ್ಜೆ ದೂರದ ಬೇವಿನ ಮರದ ನೆರಳಿಗೆ ಹೋಗಿದ್ದೆ. ಎರಡು ನಿಮಿಷದ ಮಾತು, ಅಷ್ಟೇ. ಆ ಎರಡು ನಿಮಿಷ ನೆನಪಾದರೆ ಇವತ್ತಿಗೂ ಅಂಗೈ ಬೆವರುತ್ತದೆ. ಅದು ಬರೀ ಬೆಲೆಬಾಳುವ ಯಂತ್ರವಾಗಿದ್ದರೆ ಇಷ್ಟು ವರ್ಷ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿ ಸೀಸಿಯಂ-137 ಮತ್ತು ಅಮೆರಿಸಿಯಂ-241 ಎಂಬ ಎರಡು ವಿಕಿರಣಶೀಲ ವಸ್ತುಗಳಿದ್ದವು.

ವಿಕಿರಣ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೈಗಾ, ಇಲ್ಲವೇ ಆಸ್ಪತ್ರೆಯ ಕ್ಯಾನ್ಸರ್ ವಿಭಾಗ. ಅಲ್ಲೆಲ್ಲ ಗೋಡೆ, ಗೇಟು, ಕಾವಲುಗಾರರು ಇರುತ್ತಾರೆ. ಆದರೆ ಜೀಪಿನ ಹಿಂಬದಿಯಲ್ಲಿ ಕೂತು ಊರೂರು ಸುತ್ತುವ ವಿಕಿರಣ ಮೂಲಗಳೂ ಇವೆ. ರಸ್ತೆ, ಅಣೆಕಟ್ಟು, ವಿಮಾನ ನಿಲ್ದಾಣದ ರನ್‌ವೇ ಕಟ್ಟುವ ಕಡೆ ಮಣ್ಣಿನ ಗಟ್ಟಿತನ ಮತ್ತು ತೇವ ಅಳೆಯುವ ನ್ಯೂಕ್ಲಿಯರ್ ಡೆನ್ಸಿಟಿ ಗೇಜ್ ಅಂಥದ್ದು. ಸೂಟ್‌ಕೇಸ್ ಗಾತ್ರ, ಒಬ್ಬನೇ ಎತ್ತಬಹುದಾದ ಭಾರ. ಅದಕ್ಕೆ ಕಾಂಪೌಂಡ್ ಗೋಡೆಯೂ ಕಾವಲುಗಾರನೂ ಎಲ್ಲವೂ ಅದನ್ನು ಹಿಡಿದುಕೊಂಡು ಹೋಗುವ ಮನುಷ್ಯನೇ.

ಅದು ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಇಂಥದ್ದನ್ನು ನಿಷೇಧಿಸಿಬಿಡಿ ಎನ್ನುವುದು ಸುಲಭ. ಹೊಸ ರಸ್ತೆಯ ಡಾಂಬರು ಮೊದಲ ಮಳೆಗೇ ಕುಸಿದರೆ ಜನ ಡಾಂಬರನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಇರುವುದು ಅದರ ಕೆಳಗಿನ ಮಣ್ಣಿನಲ್ಲಿ. ಮಣ್ಣನ್ನು ಸರಿಯಾದ ಹದದ ತೇವದಲ್ಲಿ ದಮ್ಮಸು ಮಾಡಿದರೆ ಮಾತ್ರ ಅದು ಗಟ್ಟಿಯಾಗಿ ಕೂರುತ್ತದೆ, ಒಣಗಿದ್ದರೂ ಕೂರದು, ರಾಡಿಯಾದರೂ ಕೂರದು. ಲಾಸ್ ಏಂಜಲೀಸ್‌ನಲ್ಲಿ ಅಣೆಕಟ್ಟಿನ ಕೆಲಸ ನೋಡುತ್ತಿದ್ದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಈ ಹದವನ್ನು ಲೆಕ್ಕಕ್ಕೆ ಇಳಿಸಿದ. ಇವತ್ತಿಗೂ ಪ್ರತಿ ಸೈಟಿನ ಲ್ಯಾಬಿನಲ್ಲಿ ಪ್ರಾಕ್ಟರ್ ಟೆಸ್ಟ್ ಎಂಬ ಅವನ ಹೆಸರು ದಿನಕ್ಕೆ ಹತ್ತು ಸಲ ಕೇಳುತ್ತದೆ. ನಮ್ಮ ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮದ ಪ್ರಕಾರ ಏರಿಯ ಮಣ್ಣು ಲ್ಯಾಬಿನ ಗರಿಷ್ಠ ಸಾಂದ್ರತೆಯ ಶೇ 95ರಷ್ಟು, ರಸ್ತೆಯ ತಳಪದರ ಅಂದರೆ ಸಬ್‌ಗ್ರೇಡ್ ಶೇ 97ರಷ್ಟು ಗಟ್ಟಿಯಾಗಿರಬೇಕು.

ಇದನ್ನು ಪರೀಕ್ಷಿಸುವ ಹಳೆಯ ವಿಧಾನ ಸ್ಯಾಂಡ್ ರಿಪ್ಲೇಸ್‌ಮೆಂಟ್. ನೆಲದಲ್ಲಿ ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ಲೆಕ್ಕದ ಮರಳು ಸುರಿದು, ಮಣ್ಣನ್ನು ಒಣಗಿಸಿ ಮತ್ತೆ ತೂಗಬೇಕು. ನಂಬಿಕಸ್ತ ವಿಧಾನ, ಆದರೆ ನಿಧಾನ. ಫಲಿತಾಂಶ ಬರುವ ಹೊತ್ತಿಗೆ ಟಿಪ್ಪರ್‌ಗಳು ಮುಂದಿನ ಪದರದ ಮಣ್ಣು ಸುರಿದುಬಿಟ್ಟಿರುತ್ತವೆ. ಗೇಜ್ ಒಂದೇ ನಿಮಿಷದಲ್ಲಿ ಉತ್ತರ ಕೊಡುತ್ತದೆ. ನೆಲ ಸಮಮಾಡಿ, ಉಕ್ಕಿನ ಸಲಾಕೆ ಹೊಡೆದು ತೂತು ಮಾಡಿ, ಅದರ ಮೇಲೆ ಗೇಜ್ ಇಟ್ಟು ಹಿಡಿಕೆ ಒತ್ತಿದರೆ ಒಳಗಿನ ಸರಳು ತೂತಿನೊಳಗೆ ಇಳಿಯುತ್ತದೆ. ಆ ಸರಳಿನ ತುದಿಯಲ್ಲಿದೆ ಸೀಸಿಯಂ. ಅಲ್ಲಿಂದ ಹೊರಟ ಗಾಮಾ ಕಿರಣಗಳು ಮಣ್ಣನ್ನು ಹಾದು ಗೇಜಿನ ತಳದಲ್ಲಿರುವ ಗೈಗರ್ ನಳಿಕೆಗಳನ್ನು ಮುಟ್ಟಬೇಕು. ಮಣ್ಣು ಗಟ್ಟಿಯಾಗಿದ್ದಷ್ಟೂ ದಾಟಿ ಬರುವ ಕಿರಣ ಕಡಿಮೆ. ತೇವ ಅಳೆಯುವ ಕೆಲಸ ಅಮೆರಿಸಿಯಂನದು. ಅದರ ಆಲ್ಫಾ ಕಣಗಳು ಜತೆಗಿರುವ ಬೆರಿಲಿಯಂಗೆ ಬಡಿದಾಗ ವೇಗದ ನ್ಯೂಟ್ರಾನ್‌ಗಳು ಹೊರಡುತ್ತವೆ. ನೀರಿನಲ್ಲಿರುವ ಹೈಡ್ರೋಜನ್‌ಗೆ ಡಿಕ್ಕಿ ಹೊಡೆದು ಅವು ನಿಧಾನವಾಗುತ್ತವೆ. ನಿಧಾನವಾದವನ್ನು ಎಣಿಸಿದರೆ ಮಣ್ಣಿನಲ್ಲಿ ಎಷ್ಟು ನೀರಿದೆ ಎಂದು ತಿಳಿಯುತ್ತದೆ. ನೆಲವನ್ನು ಅಗೆಯದೆ ಅದರ ಒಳಗನ್ನು ಓದುವ ಈ ಜಾಣ್ಮೆಯನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ಆದ ಖುಷಿ ಇನ್ನೂ ಆರಿಲ್ಲ.

ಹಾಗಾದರೆ ಅಪಾಯ ಎಷ್ಟು? ವಿಕಿರಣ ಮೂಲದ ಪ್ರಬಲತೆಯನ್ನು ಅಳೆಯುವ ಗಿಗಾಬೆಕರಲ್ ಲೆಕ್ಕದಲ್ಲಿ, ಸಾಮಾನ್ಯ ಗೇಜಿನಲ್ಲಿರುವ ಸೀಸಿಯಂ ಸುಮಾರು 0.3, ಅಮೆರಿಸಿಯಂ ಸುಮಾರು 1.5. ಎರಡೂ ಉಕ್ಕಿನ ಪುಟ್ಟ ಕ್ಯಾಪ್ಸೂಲಿನಲ್ಲಿ ಬೆಸುಗೆ ಹಾಕಿ ಮುಚ್ಚಿರುತ್ತವೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ವಿಕಿರಣ ಮೂಲಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಐದು ವರ್ಗ ಮಾಡಿದೆ. ಒಂದನೆಯದು ಅತಿ ಅಪಾಯಕಾರಿ, ನಮ್ಮ ಗೇಜ್ ನಾಲ್ಕನೆಯದು. ಸರಳು ಒಳಗಿದ್ದು, ರಕ್ಷಾಕವಚ ಸರಿಯಿದ್ದರೆ ಅದರ ಜತೆ ವರ್ಷಗಟ್ಟಲೆ ಕೆಲಸ ಮಾಡಬಹುದು. ಮೈಗೆ ತಾಗುವ ವಿಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಭಾರತದಲ್ಲಿ ವಿಕಿರಣದ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಸಾರ್ವಜನಿಕರಿಗೆ ವರ್ಷಕ್ಕೆ 1. ಈ ಮಿತಿಗಳ ಲೆಕ್ಕಕ್ಕೆ ಸೇರದೆ, ನೆಲ, ಗಾಳಿ, ಆಕಾಶದಿಂದ ಸಹಜವಾಗಿಯೇ ಮನುಷ್ಯನಿಗೆ ಸಿಗುವುದು ಜಗತ್ತಿನ ಸರಾಸರಿಯಲ್ಲಿ ಸುಮಾರು 2.4. ಶಿಸ್ತಿನಿಂದ ಗೇಜ್ ಬಳಸುವವನ ಲೆಕ್ಕ ಕೆಲಸಗಾರರ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಶಿಸ್ತು ಅಂದರೆ ದೊಡ್ಡ ವಿದ್ಯೆಯೇನಲ್ಲ. ಹತ್ತಿರ ಇರುವ ಹೊತ್ತು ಕಡಿಮೆ ಮಾಡು, ದೂರ ಹೆಚ್ಚಿಸು, ನಡುವೆ ತಡೆ ಇರಲಿ. ಇದರಲ್ಲಿ ದೂರದ ಲೆಕ್ಕ ಬಹಳ ಉದಾರ. ದೂರ ಎರಡು ಪಟ್ಟಾದರೆ ವಿಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದಕ್ಕೆ. ಅದಕ್ಕೇ ಗುಂಡಿ ಒತ್ತಿದ ಮೇಲೆ ಗೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪರದೆ ನೋಡುತ್ತಿರಬಾರದು. ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಮಾತ್ರ ಅಲ್ಲೇ ಇಟ್ಟು ನಿಲ್ಲಬೇಕು. ಓದು ಮುಗಿದ ಮೇಲೆ ಹಿಡಿಕೆ ಮೇಲೆತ್ತಿದಾಗ 'ಟಕ್' ಎಂಬ ಸದ್ದು ಬರಬೇಕು. ಸರಳು ಕವಚದೊಳಗೆ ಕೂತು, ಕೆಳಗಿನ ತೂತನ್ನು ಲೋಹದ ಸಣ್ಣ ಬಾಗಿಲು ಮುಚ್ಚಿಕೊಂಡ ಸದ್ದು ಅದು. ಮಳೆಗಾಲದಲ್ಲಿ ಜೇಡಿಮಣ್ಣು ಮೆತ್ತಿಕೊಂಡು ಆ ಬಾಗಿಲು ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುವುದುಂಟು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಜೀಪಿನಲ್ಲಿ ಕುಳಿತವರ ಕಡೆಗೆ ಕಿರಣ ಹರಿಯುತ್ತಲೇ ಇರುತ್ತದೆ. ಹಾಗಾಗಿ ಆ 'ಟಕ್' ಸದ್ದು ಕೇಳದೆ ಗೇಜನ್ನು ನೆಲದಿಂದ ಎತ್ತಬಾರದು, ಕೇಳಿದರೂ ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು ಒಮ್ಮೆ ನೋಡಬೇಕು. ತಳ ಒರೆಸುವಾಗಲೂ ಮುಖ ಅಡ್ಡ ತರಬಾರದು.

ಇಷ್ಟಾದರೂ ಗೇಜಿನ ಅಪಘಾತಗಳ ಕತೆಗಳನ್ನು ಓದುತ್ತ ಹೋದಂತೆ ನನಗೆ ಖಚಿತವಾಗಿದ್ದು ಒಂದು: ತಜ್ಞನ ಕೈಯಲ್ಲಿದ್ದಾಗ ಇದರಿಂದ ತೊಂದರೆಯಾದದ್ದು ಅಪರೂಪ. ಅದು ಎಲ್ಲಿದೆ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಾಗದ ಗಳಿಗೆಯಿಂದ ತೊಂದರೆ ಶುರುವಾಗುತ್ತದೆ.

ಉಕ್ರೇನಿನ ಕ್ರಾಮಟೋರ್ಸ್ಕ್‌ನಲ್ಲಿ ನಡೆದದ್ದನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆಲ್ಲ ಹೇಳುತ್ತೇನೆ. 1970ರ ದಶಕದ ಕೊನೆಯಲ್ಲಿ, ಆಗಿನ್ನೂ ಸೋವಿಯತ್ ಕಾಲ, ದೊನೆತ್ಸ್ಕ್ ಪ್ರಾಂತ್ಯದ ಕರಾನ್ಸ್ಕಿ ಜಲ್ಲಿ ಕ್ವಾರಿಯಲ್ಲಿ ಮಟ್ಟ ಅಳೆಯುವ ಗೇಜ್ ಒಂದರಿಂದ ಸೀಸಿಯಂ ಕ್ಯಾಪ್ಸೂಲ್ ಕಳಚಿ ಬಿತ್ತು. ಭತ್ತದ ಕಾಳಿಗಿಂತ ತುಸು ದಪ್ಪ, ಅಷ್ಟೇ. ಹುಡುಕಿದರು, ಸಿಗಲಿಲ್ಲ, ಹುಡುಕುವುದನ್ನು ನಿಲ್ಲಿಸಿದರು. ಕ್ವಾರಿಯ ಜಲ್ಲಿ ಎಂದಿನಂತೆ ಕಟ್ಟಡದ ಕೆಲಸಗಳಿಗೆ ಹೋಯಿತು. 1980ರಲ್ಲಿ ಕ್ರಾಮಟೋರ್ಸ್ಕ್‌ನಲ್ಲಿ ಎದ್ದ ವಸತಿ ಕಟ್ಟಡದ ಕಾಂಕ್ರೀಟ್ ಗೋಡೆಯೊಂದರಲ್ಲಿ ಆ ಕ್ಯಾಪ್ಸೂಲ್ ಸೇರಿಕೊಂಡಿತ್ತು. ಮಕ್ಕಳು ಮಲಗುವ ಕೋಣೆಯ ಗೋಡೆ ಅದು.

ಮೊದಲು ಆ ಮನೆಯ ಹರೆಯದ ಹುಡುಗಿ ಸತ್ತಳು, ಆಮೇಲೆ ಅವಳ ತಮ್ಮ, ಆಮೇಲೆ ತಾಯಿ. ರಕ್ತದ ಕ್ಯಾನ್ಸರ್. ವೈದ್ಯರು ಅದು ವಂಶದಲ್ಲೇ ಇರುವ ದೋಷ ಅಂದುಕೊಂಡರು. ಮನೆಗೆ ಬೇರೊಂದು ಸಂಸಾರ ಬಂತು, ಅವರ ಮಗನೂ ಅದೇ ಕಾಯಿಲೆಗೆ ಬಲಿಯಾದ. ಆ ತಂದೆ ಪಟ್ಟುಬಿಡದೆ ತನಿಖೆಗೆ ಒತ್ತಾಯಿಸಿದ ಮೇಲೆ, 1989ರಲ್ಲಿ ಮೀಟರ್ ಹಿಡಿದು ಕೋಣೆಗೆ ಬಂದರು. ಗೋಡೆಯ ತುಂಡನ್ನು ಕತ್ತರಿಸಿ ಒಯ್ದು ಒಡೆದಾಗ ಕ್ಯಾಪ್ಸೂಲ್ ಸಿಕ್ಕಿತು. ಅದರ ಮೇಲಿನ ಕ್ರಮಸಂಖ್ಯೆ ಅಳಿಸಿರಲಿಲ್ಲ, ಅದನ್ನು ಹಿಡಿದು ಹೊರಟವರು ಕ್ವಾರಿಯ ತನಕ ಬಂದು ನಿಂತರು. ಒಂಬತ್ತು ವರ್ಷದಲ್ಲಿ ನಾಲ್ಕು ಜೀವ ಹೋಗಿತ್ತು, ಇನ್ನೂ 17 ಮಂದಿ ವಿಕಿರಣಕ್ಕೆ ಒಳಗಾಗಿದ್ದರು. 'ಸಿಗಲಿಲ್ಲ' ಎಂದು ಹುಡುಕಾಟ ನಿಲ್ಲಿಸಿದವರು ಮನೆಗೆ ಹೋಗಿ ಊಟ ಮಾಡಿದ ಆ ಸಂಜೆಯನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಇನ್ನೊಂದು ಕತೆಯ ಕೊನೆ ಬೇರೆ ಥರ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದ ಕಬ್ಬಿಣದ ಅದಿರಿನ ಗಣಿಯಿಂದ ಗೇಜೊಂದನ್ನು ರಿಪೇರಿಗೆಂದು ಪರ್ತ್‌ಗೆ ಲಾರಿಯಲ್ಲಿ ಕಳಿಸಿದರು. ಸುಮಾರು 1,400 ಕಿಲೋಮೀಟರ್ ದಾರಿ. ಪೆಟ್ಟಿಗೆ ಪರ್ತ್ ಸೇರಿತು, ಆದರೆ ಅದನ್ನು ತೆರೆದು ನೋಡಿದ್ದು 25ನೇ ತಾರೀಕಿಗೆ. ದಾರಿಯ ಕುಲುಕಾಟಕ್ಕೆ ಗೇಜ್ ಬಿಚ್ಚಿಕೊಂಡಿತ್ತು, ಒಂದು ಬೋಲ್ಟ್ ಇರಲಿಲ್ಲ, ಆ ಬೋಲ್ಟಿನ ತೂತಿನಿಂದ 6 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದದ ಕ್ಯಾಪ್ಸೂಲ್ ರಸ್ತೆಗೆ ಉದುರಿತ್ತು. ಅದರಲ್ಲಿದ್ದದ್ದು 19 ಗಿಗಾಬೆಕರಲ್ ಸೀಸಿಯಂ, ನನ್ನ ಹಳದಿ ಪೆಟ್ಟಿಗೆಯ ಸೀಸಿಯಂನ ಸುಮಾರು ಅರವತ್ತು ಪಟ್ಟು. ವಾಹನಕ್ಕೆ ವಿಕಿರಣ ಪತ್ತೆ ಮಾಡುವ ಉಪಕರಣ ಕಟ್ಟಿಕೊಂಡು ಹೆದ್ದಾರಿಯುದ್ದಕ್ಕೂ ಜರಡಿ ಹಿಡಿದರು. ಫೆಬ್ರವರಿ 1ರಂದು, ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ವಾಹನಕ್ಕೆ ನ್ಯೂಮನ್ ಪಟ್ಟಣದ ದಕ್ಷಿಣಕ್ಕೆ ಸಂಕೇತ ಸಿಕ್ಕಿತು. ಕ್ಯಾಪ್ಸೂಲ್ ರಸ್ತೆಯಂಚಿನಿಂದ ಎರಡು ಮೀಟರ್ ಆಚೆ ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿನ 1975ರ ಕಾನೂನಿನಲ್ಲಿ ಇಂಥ ತಪ್ಪಿಗೆ ಇದ್ದ ಗರಿಷ್ಠ ದಂಡ 1,000 ಡಾಲರ್ ಎಂದು ತಿಳಿದಾಗ ಇಡೀ ಆಸ್ಟ್ರೇಲಿಯಾ ಬೆಚ್ಚಿತು. ನಮ್ಮ ಲೆಕ್ಕದಲ್ಲಿ ಆಗ ಅರವತ್ತು ಸಾವಿರ ರೂಪಾಯಿಯೂ ಆಗುತ್ತಿರಲಿಲ್ಲ. ಕಾನೂನು ಇದ್ದರೆ ಸಾಲದು, ಅದಕ್ಕೆ ತೂಕವೂ ಇರಬೇಕು.

ಅಮೆರಿಕದವರಿಗೆ ಪಾಠ ಕಲಿಸಿದ್ದು ಕಳ್ಳರು. ಅಲ್ಲಿ ಗೇಜ್‌ಗಳು ಹೆಚ್ಚಾಗಿ ಕಳವಾಗುತ್ತಿದ್ದದ್ದು ಪಿಕಪ್ ವಾಹನಗಳ ಹಿಂಬದಿಯಿಂದ. ಕದ್ದವನಿಗೆ ಒಳಗೇನಿದೆ ಎಂದು ಗೊತ್ತಿರುತ್ತಿರಲಿಲ್ಲ, ಬೆಲೆಬಾಳುವ ಪೆಟ್ಟಿಗೆ ಎಂದು ಎತ್ತಿಕೊಂಡು ಹೋಗುತ್ತಿದ್ದ. 2005ರಲ್ಲಿ ಅಲ್ಲಿನ ಅಣು ನಿಯಂತ್ರಣ ಆಯೋಗ ಹೊಸ ನಿಯಮ ತಂದಿತು. ಗೇಜ್ ಕಣ್ಣೆದುರಿಗೆ ಇಲ್ಲದಿದ್ದಾಗಲೆಲ್ಲ ಅದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಭೌತಿಕ ತಡೆಗಳಿರಬೇಕು. ಉದಾಹರಣೆಗೆ, ಬೀಗ ಹಾಕಿದ ಪೆಟ್ಟಿಗೆಯನ್ನು ಸರಪಳಿಯಿಂದ ವಾಹನಕ್ಕೆ ಬಿಗಿದು ಬೇರೆ ಬೀಗ. ನನ್ನ ಮಟ್ಟಿಗೆ, ಒಂದೇ ಕೀಲಿಕೈಗೆ ಎರಡೂ ಬಿಚ್ಚಿಕೊಂಡರೆ ಅದು ಎರಡಲ್ಲ, ಒಂದೇ. ಇಷ್ಟು ಸರಳವಾದ, ಇಷ್ಟು ವಿವೇಕದ ನಿಯಮ ನಾನು ಬೇರೆ ನೋಡಿಲ್ಲ.

ನಮ್ಮಲ್ಲಿ ಈ ಹೊಣೆ ಹೊತ್ತದ್ದು ಮುಂಬಯಿಯ ಅಣುಶಕ್ತಿ ನಿಯಂತ್ರಣ ಮಂಡಳಿ. 1962ರ ಅಣುಶಕ್ತಿ ಕಾಯ್ದೆಯಡಿ 1983ರ ನವೆಂಬರ್ 15ರಂದು ರಚನೆಯಾದದ್ದು. ಅದರ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯದೆ ಗೇಜ್ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ. 2004ರ ವಿಕಿರಣ ರಕ್ಷಣೆ ನಿಯಮಗಳು ಹೇಳುವ ಪ್ರಕಾರ ಮಂಡಳಿ ಒಪ್ಪಿದ ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು, 18 ವರ್ಷದೊಳಗಿನವರನ್ನು ವಿಕಿರಣದ ಕೆಲಸಕ್ಕೆ ಹಚ್ಚಬಾರದು, ಮೂಲ ಕಳೆದುಹೋದರೆ ಅಥವಾ ಅಪಘಾತವಾದರೆ 24 ಗಂಟೆಯೊಳಗೆ ತಿಳಿಸಬೇಕು. ಸಾಗಿಸುವಾಗ ಪೆಟ್ಟಿಗೆಯ ಮೇಲೆ ವಿಕಿರಣದ ಲೇಬಲ್, ಚಾಲಕನ ಕೈಯಲ್ಲಿ ಕಳಿಸುವವರ ಘೋಷಣಾ ಪತ್ರ, ತುರ್ತಿನಲ್ಲಿ ಏನು ಮಾಡಬೇಕೆಂದು ಹೇಳುವ ಟ್ರೆಮ್ ಕಾರ್ಡ್ ಇರಬೇಕು.

ಕಾಗದದ ಮೇಲೆ ಇದು ಗಟ್ಟಿಯಾಗಿಯೇ ಇದೆ. ಸೋರುವುದು ಸಂಜೆ ಆರು ಗಂಟೆಯ ನಂತರ. ಲ್ಯಾಬಿನ ಕೀಲಿ ಇದ್ದವನು ಊರಿಗೆ ಹೋಗಿರುತ್ತಾನೆ, ಸ್ಟೋರು ಮೂವತ್ತು ಕಿಲೋಮೀಟರ್ ಹಿಂದಿರುತ್ತದೆ, ನಾಳೆ ಬೆಳಗ್ಗೆ ಮತ್ತೆ ಇಲ್ಲಿಗೇ ಬರಬೇಕು. ಆಗ ಗೇಜ್ ಲಾಡ್ಜಿನ ರೂಮಿನ ಮಂಚದ ಕೆಳಗೆ ಹೋಗುತ್ತದೆ, ಇಲ್ಲವೇ ಕೂಲಿಯವರು ಮಲಗುವ ತಗಡಿನ ಶೆಡ್ಡಿನ ಮೂಲೆಗೆ. ಶೆಡ್ಡಿನ ಆ ಬದಿಯಲ್ಲಿ ಕೂಸು ಮಲಗಿರಬಹುದು. ಹಗಲು ಒಂದು ನಿಮಿಷ ಓದು ತೆಗೆಯುವಾಗ ಸಿಗುವುದಕ್ಕಿಂತ ರಾತ್ರಿಯಿಡೀ ಪಕ್ಕದಲ್ಲಿ ಮಲಗಿದವರಿಗೆ ಸಿಗುವುದು ಎಷ್ಟೋ ಹೆಚ್ಚು, ಕವಚ ಸರಿಯಿದ್ದರೂ ಕೂಡ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಮಿತಿ ಆ ಕೂಸಿಗೂ ಅನ್ವಯಿಸುತ್ತದೆ. ಗೇಜಿಗೆ ಜನ ಕೂರದ, ಮಲಗದ, ಬೀಗ ಹಾಕಿದ ಪ್ರತ್ಯೇಕ ಕೋಣೆ ಬೇಕು. ಟೆಂಡರ್‌ನಲ್ಲಿ ಆ ಕೋಣೆಗೂ ಒಂದು ಸಾಲು ಬರೆದು ದುಡ್ಡು ಇಡಬೇಕು. ಇದು ಸೈಟ್ ಎಂಜಿನಿಯರ್‌ನ ಒಳ್ಳೆಯತನಕ್ಕೆ ಬಿಡುವ ಮಾತಲ್ಲ.

ಕೋಣೆಯ ಬಾಗಿಲಿನ ಹಿಂದೆ ದಾರ ಕಟ್ಟಿ ತೂಗುಹಾಕಿದ ಲಾಗ್ ಬುಕ್ ನನ್ನ ಪಾಲಿಗೆ ಕವಚಕ್ಕಿಂತ ದೊಡ್ಡ ರಕ್ಷಣೆ. ತಾರೀಕು, ಒಯ್ದವರು, ಯಾವ ಜಾಗಕ್ಕೆ, ಎಷ್ಟು ಹೊತ್ತಿಗೆ, ಮರಳಿದ ಹೊತ್ತು, ಸಹಿ. ಪಿಲ್ಬರಾದ ಗೇಜನ್ನು 'ಇದು ಒಳಗಿದೆಯೇ' ಎಂದು ಯಾರಾದರೂ ಪ್ರತಿದಿನ ನೋಡಿ ಸಹಿ ಹಾಕುತ್ತಿದ್ದರೆ, ಕಳೆದುಹೋದ ಸುದ್ದಿ ವಾರಗಳಲ್ಲಲ್ಲ, ಒಂದೇ ದಿನದಲ್ಲಿ ತಿಳಿಯುತ್ತಿತ್ತು.

ಯೋಜನೆ ಮುಗಿದ ಮೇಲಿನ ಮಾತು ಇನ್ನೂ ಕಷ್ಟದ್ದು. ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ, ಅಮೆರಿಸಿಯಂನದು 432 ವರ್ಷ. 1565ರ ತಾಳಿಕೋಟೆ ಯುದ್ಧದ ಹೊತ್ತಿಗೆ ಯಾರಾದರೂ ಒಂದು ಗುಂಜಿ ಅಮೆರಿಸಿಯಂ ಹೂತಿಟ್ಟಿದ್ದರೆ ಇವತ್ತಿಗೆ ಹೆಚ್ಚುಕಡಿಮೆ ಅರ್ಧ ಗುಂಜಿ ಉಳಿದಿರುತ್ತಿತ್ತು. ನಮ್ಮ ಕಂಟ್ರಾಕ್ಟರ್ ಕಂಪನಿಗಳಿಗೆ ಅಷ್ಟು ಆಯಸ್ಸಿಲ್ಲ. ಕಂಪನಿ ಮುಚ್ಚುತ್ತದೆ, ಸಾಮಾನು ಹರಾಜಾಗುತ್ತದೆ, ಹಳದಿ ಪೆಟ್ಟಿಗೆ ಗುಜರಿಗೆ ಬೀಳುತ್ತದೆ. ದೆಹಲಿಯ ಮಾಯಾಪುರಿಯಲ್ಲಿ 2010ರ ಏಪ್ರಿಲ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಅದು ಗೇಜ್ ಅಲ್ಲ, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಹಳ ವರ್ಷ ಬಳಸದೆ ಬಿದ್ದಿದ್ದ ಕೋಬಾಲ್ಟ್-60ರ ದೊಡ್ಡ ಉಪಕರಣ. ಹರಾಜಿನಲ್ಲಿ ಗುಜರಿಗೆ ಹೋಯಿತು. ಸೀಸದ ಕವಚ ಒಡೆದರು, ಒಳಗಿನದನ್ನು ಕೈಯಲ್ಲಿ ಹಿಡಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೂಲಿಯಾಳು ಸತ್ತ. ನಿಯಮ ಓದಬೇಕಿದ್ದವರು ಓದಲಿಲ್ಲ, ಅದರ ಬೆಲೆ ತೆತ್ತವನಿಗೆ ನಿಯಮ ಇದೆಯೆಂದೇ ಗೊತ್ತಿರಲಿಲ್ಲ. ಬೇಡವಾದ ಮೂಲವನ್ನು ಮಂಡಳಿಯ ಒಪ್ಪಿಗೆ ಪಡೆದು ಸರಬರಾಜು ಮಾಡಿದವರಿಗೇ ಮರಳಿಸಬೇಕು, ಅಥವಾ ಅಧಿಕೃತ ತ್ಯಾಜ್ಯ ಘಟಕಕ್ಕೆ ಒಪ್ಪಿಸಬೇಕು. ಮೂರನೇ ದಾರಿಯೇ ಇಲ್ಲ.

ಇಂಥ ಪೆಟ್ಟಿಗೆಗಳ ಮೇಲಿರುವ ಎಚ್ಚರಿಕೆಯ ಮೂರು ಎಸಳಿನ ಚಿಹ್ನೆಯನ್ನು 1946ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ರೂಪಿಸಿದರು. ಓದು ಬರದವರಿಗೆ ಅದು ಫ್ಯಾನಿನ ರೆಕ್ಕೆಯಂತೆ ಕಾಣುತ್ತದೆ. ಹಾಗೆಂದೇ 2007ರಲ್ಲಿ ತಲೆಬುರುಡೆ ಮತ್ತು ಓಡುವ ಮನುಷ್ಯನಿರುವ ಕೆಂಪು ತ್ರಿಕೋನದ ಹೊಸ ಚಿಹ್ನೆ ಬಂತು. ಆದರೆ ಅದು ಹೆಚ್ಚು ಅಪಾಯದ ಮೊದಲ ಮೂರು ವರ್ಗಗಳಿಗೆ ಮಾತ್ರ. ನಾಲ್ಕನೇ ವರ್ಗದ ನಮ್ಮ ಗೇಜಿಗೆ ಈಗಲೂ ಎಸಳಿನ ಚಿಹ್ನೆ ಮತ್ತು ಇಂಗ್ಲಿಷ್ ಅಕ್ಷರಗಳೇ ಗತಿ.

ಆವತ್ತು ರೋಲರ್ ಹತ್ತಿದ್ದರೆ ಏನು ಮಾಡಬೇಕಿತ್ತು ಎಂಬುದು ನನಗೆ ಬಾಯಿಪಾಠವಾಗಿತ್ತು. ಎಲ್ಲರನ್ನೂ ಹದಿನೈದು ಅಡಿಯಾಚೆ ಸರಿಸಿ ಹಗ್ಗ ಕಟ್ಟಬೇಕು. ಚೂರುಗಳನ್ನು ಯಾರೂ ಮುಟ್ಟಬಾರದು. ರೋಲರನ್ನು ಅಲ್ಲಿಂದ ಕದಲಿಸಬಾರದು, ಯಾಕೆಂದರೆ ಕ್ಯಾಪ್ಸೂಲ್ ಡ್ರಮ್ಮಿಗೇ ಅಂಟಿಕೊಂಡಿರಬಹುದು. ಆಪರೇಟರನ್ನು ಮನೆಗೆ ಕಳಿಸದೆ ಮೀಟರ್ ಬರುವ ತನಕ ದೂರ ಕೂರಿಸಬೇಕು. ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಬೇಕು. ನನಗೆ ಗೊತ್ತಿತ್ತು, ಆದರೆ ಅಲ್ಲಿದ್ದ ಇಪ್ಪತ್ತು ಜನರಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮರದಡಿ ಫೋನಿನಲ್ಲಿ ಮಗ್ನನಾಗಿದ್ದ ಒಬ್ಬನ ತಲೆಯಲ್ಲಿ ಮಾತ್ರ ಇದ್ದ ತಿಳಿವಳಿಕೆ ಅದು.

ಮರುದಿನ ಪೇಟೆಯಿಂದ ಕೆಂಪು ಬಣ್ಣ ತಂದು, ಕಾನೂನಿನ ಲೇಬಲ್‌ಗಳಿಗೆ ಅಡ್ಡವಾಗದಂತೆ ಪೆಟ್ಟಿಗೆಯ ಇನ್ನೊಂದು ಬದಿಗೆ ಕನ್ನಡದಲ್ಲಿ ಬರೆದೆ: 'ವಿಕಿರಣ ಇದೆ. ಮುಟ್ಟಬೇಡಿ. ಒಡೆದಿದ್ದರೆ ದೂರ ಹೋಗಿ, ಫೋನ್ ಮಾಡಿ.' ಕೆಳಗೆ ನಂಬರು. ಅದೇ ರೋಲರ್ ಆಪರೇಟರ್ ಬಂದು ಪಕ್ಕದಲ್ಲಿ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಆಮೇಲೆ ಕೇಳಿದ: "ದೂರ ಅಂದ್ರೆ ಎಷ್ಟು ದೂರ ಸಾರ್?"

ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿ, 'ದೂರ' ಎಂಬುದರ ಮುಂದೆ 'ಹದಿನೈದು ಅಡಿ' ಎಂದು ಸೇರಿಸಿದೆ.